ಸಿಂಹಗಳ ಒಕ್ಕಕ್ಕೆ ಅಳಿಯ ಎಲ್ಲಿಂದ ಬರುತ್ತಾನೆ?

ಕೊಟ್ಟಿಗೆಯ ಹಸು ಬೆದೆಗೆ ಬಂದಿದೆ ಎಂದು ಫೋನು ಮಾಡಿದರೆ ಪಶು ಆಸ್ಪತ್ರೆಯಿಂದ ಬೈಕಿನಲ್ಲಿ ಬರುವವರು ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ಕೇಳುವ ಪ್ರಶ್ನೆ, ಇದು ಯಾವ ಹೋರಿಯ ಕರು ಎಂಬುದು. ನಾವು ಹಳೆಯ ಚೀಟಿಯನ್ನು ಹುಡುಕಿ ಕೊಡುತ್ತೇವೆ. ಕ್ಯಾನಿನಿಂದ ಏಳುವ ಬಿಳಿ ಹೊಗೆಯೊಳಗೆ ಚಿಮಟ ಇಳಿಸಿ ಅವರು ಎತ್ತುವ, ಹೋರಿಯ ವೀರ್ಯ ತುಂಬಿದ ಸ್ಟ್ರಾ ಊದುಬತ್ತಿಯ ಕಡ್ಡಿಗಿಂತ ತುಸು ದಪ್ಪವಿರುತ್ತದೆ, ಅಷ್ಟೆ. ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಹೋರಿಯ ನಂಬರು ಅಚ್ಚಾಗಿರುತ್ತದೆ. ಚೀಟಿಯ ನಂಬರೂ ಸ್ಟ್ರಾದ ನಂಬರೂ ಒಂದೇ ಆಗಿದ್ದರೆ ಅದನ್ನು ತಕ್ಷಣ ಕ್ಯಾನಿಗೇ ಇಳಿಸಿ ಬೇರೊಂದನ್ನು ತೆಗೆಯುತ್ತಾರೆ, ಏಕೆಂದರೆ ಅಪ್ಪನ ವೀರ್ಯ ಮಗಳಿಗೆ ಹೋದರೆ ಹುಟ್ಟುವ ಕರು ಸಣಕಲಾಗುವ, ಬೆಳೆದ ಮೇಲೆ ಹಾಲು ಕಡಿಮೆ ಕೊಡುವ, ಗಬ್ಬ ನಿಲ್ಲದೆ ಕಾಡುವ ಸಾಧ್ಯತೆ ಹೆಚ್ಚು. ಪಶುವೈದ್ಯರು ಇದನ್ನು ಇನ್‌ಬ್ರೀಡಿಂಗ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಒಳಸಂತಾನ ಎಂದು ಕರೆಯೋಣ.

ಕಾಡಿನಲ್ಲಿ ಇಂಥ ಚೀಟಿಯನ್ನು ಯಾರು ಇಟ್ಟುಕೊಂಡಿರುತ್ತಾರೆ? ಸಿಂಹಗಳ ವಿಷಯದಲ್ಲಿ ಈ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಏಳುತ್ತಿದೆ. ಆಫ್ರಿಕಾದ ಒಂದೊಂದು ಗಂಡುಸಿಂಹಕ್ಕೂ ಹೆಸರಿಟ್ಟು ಅದರ ಜೀವಮಾನದ ಕಾಳಗಗಳನ್ನೆಲ್ಲ ತೋರಿಸುವ ವಿಡಿಯೊಗಳು ಕೊಡಗಿನ ಮೊಬೈಲುಗಳಿಗೂ ಬರುತ್ತಿವೆ. ಅವನ್ನು ನೋಡಿದವರು, ಇವುಗಳಲ್ಲಿ ಅಪ್ಪ, ಮಗಳು ಎಂಬ ಗುರುತಿದೆಯೇ ಎಂದು ಕೇಳುತ್ತಾರೆ. ಇತ್ತ ಗುಜರಾತಿನಲ್ಲಿ 2025ರ ಮೇ ತಿಂಗಳ ಗಣತಿ ಏಷ್ಯಾದ ಸಿಂಹಗಳ ಸಂಖ್ಯೆ 891 ಎಂದು ಹೇಳಿದೆ. 2020ರಲ್ಲಿ ಅದು 674 ಇತ್ತು, 2015ರಲ್ಲಿ 523. ಈ ಏರಿಕೆ ನಿಜವಾದದ್ದು, ಅದನ್ನು ಸಾಧಿಸಿದವರಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ತಲೆ ಎಣಿಸಿದ ಮಾತ್ರಕ್ಕೆ ಆ ತಲೆಗಳ ನಡುವಿನ ನೆಂಟಸ್ತನ ತಿಳಿಯುವುದಿಲ್ಲ, ಮತ್ತು ಸಿಂಹದ ಭವಿಷ್ಯದ ಮಟ್ಟಿಗೆ ಎರಡನೆಯ ಲೆಕ್ಕವೂ ಮೊದಲನೆಯದರಷ್ಟೇ ಮುಖ್ಯ.

ಕೊಡಗಿನಲ್ಲಿ ಬೆಳೆದವರಿಗೆ ಸಿಂಹದ ಹಿಂಡನ್ನು ವಿವರಿಸುವುದು ಕಷ್ಟವಲ್ಲ. ಒಕ್ಕವನ್ನು, ಅಂದರೆ ಒಂದೇ ಮೂಲದ ಕೊಡವ ಮನೆತನವನ್ನು, ತಿರುವಿ ಹಾಕಿದರೆ ಆಯಿತು. ಕೊಡವ ಒಕ್ಕದಲ್ಲಿ ಐನ್‌ಮನೆ ಎಂಬ ಮೂಲಮನೆ, ಮನೆಪೆದ ಎಂಬ ಮನೆತನದ ಹೆಸರು, ಜಮ್ಮ ಎಂಬ ವಂಶಪಾರಂಪರ್ಯದ ಭೂಮಿ ಎಲ್ಲವೂ ಗಂಡಿನ ಸಾಲಿನಲ್ಲಿ ಇಳಿಯುತ್ತವೆ, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಒಕ್ಕಕ್ಕೆ ಹೋಗುತ್ತಾರೆ, ಒಂದೇ ಒಕ್ಕದೊಳಗೆ ಕೊಟ್ಟು ತರುವ ರೂಢಿಯಿಲ್ಲ. ಸಿಂಹಗಳಲ್ಲಿ ನೆಲ ಇಳಿಯುವುದು ಹೆಣ್ಣಿನ ಸಾಲಿನಲ್ಲಿ. ಅಜ್ಜಿ, ತಾಯಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ಹೆಣ್ಣುಮಕ್ಕಳು ಹುಟ್ಟಿದ ನೆಲದಲ್ಲೇ ಉಳಿದು ಅದನ್ನು ಕಾಯುತ್ತಾರೆ. ಹೊರಗಿನ ಹೆಣ್ಣನ್ನು ಹತ್ತಿರ ಸೇರಿಸುವುದಿಲ್ಲ. ಅಂದರೆ ಇಲ್ಲಿ ಸೊಸೆ ಎಂಬ ಸ್ಥಾನವೇ ಇಲ್ಲ, ಇರುವುದು ಅಳಿಯನ ಸ್ಥಾನ ಮಾತ್ರ. ಗಂಡುಸಂತಾನವಿಲ್ಲದ ಒಕ್ಕ ಅಳಿಯನನ್ನು ತಂದುಕೊಂಡು ಮುಂದುವರಿಯುವ ಒಕ್ಕಪರಿಜೆ ನಮ್ಮಲ್ಲಿ ಅಪವಾದವಾದರೆ ಸಿಂಹಗಳಲ್ಲಿ ಅದೇ ನಿಯಮ. ಒಂದು ವ್ಯತ್ಯಾಸವಿದೆ: ಅಲ್ಲಿ ಅಳಿಯಂದಿರು ಒಬ್ಬೊಬ್ಬರಾಗಿ ಬರುವುದಿಲ್ಲ, ಇಬ್ಬರು ಮೂವರು ಕೂಡಿ ಬರುತ್ತಾರೆ, ಮತ್ತು ಕರೆಯದೆಯೇ ಬರುತ್ತಾರೆ.

ತಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಆರಂಭಿಸಿದ ಸಿಂಹಗಳ ಅಧ್ಯಯನವನ್ನು 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯುಸಿ ದಶಕಗಳ ಕಾಲ ಮುಂದುವರಿಸಿದರು. ಒಂದೊಂದು ಸಿಂಹವನ್ನೂ ಹುಟ್ಟಿನಿಂದ ಸಾವಿನವರೆಗೆ ಗುರುತು ಹಿಡಿಯದೆ ಇಂಥ ಅಧ್ಯಯನ ಸಾಧ್ಯವಿಲ್ಲ. ಹುಲಿಗಾದರೆ ಪಟ್ಟೆಗಳಿವೆ; ಸಿಂಹದ ಮೈ ಬರಿದು. ಹತ್ತಿರದಿಂದ ನೋಡಿದರೆ ಅದರ ಮೇಲ್ದುಟಿಯ ಎರಡು ಬದಿಯಲ್ಲೂ ಮೀಸೆಯ ಕೂದಲುಗಳು ಹುಟ್ಟುವ ಕಡೆ ಕಪ್ಪು ಚುಕ್ಕೆಗಳ ಸಾಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಎರಡೋ ಮೂರೋ ಬಿಡಿ ಚುಕ್ಕೆಗಳು, ಅದರ ಕೆಳಗಿನದರಲ್ಲಿ ಒತ್ತಾದ ಚುಕ್ಕೆಗಳು. ಮೇಲಿನ ಚುಕ್ಕೆ ಕೆಳಗಿನ ಎಷ್ಟನೆಯ ಚುಕ್ಕೆಯ ನೇರಕ್ಕೆ ಬರುತ್ತದೆ ಎಂಬುದು ಒಂದೊಂದು ಸಿಂಹದಲ್ಲಿ ಒಂದೊಂದು ಬಗೆ. ಮರಿಯಲ್ಲಿ ಬಂದ ವಿನ್ಯಾಸ ಸಾಯುವವರೆಗೂ ಬದಲಾಗುವುದಿಲ್ಲ. ಈ ಚುಕ್ಕೆಗಳ ಚಿತ್ರ ಬರೆದಿಟ್ಟ ಕಾರ್ಡುಗಳಿಂದಲೇ ಸೆರೆಂಗೆಟಿಯ ಸಿಂಹಗಳ ವಂಶಾವಳಿ ಬೆಳೆಯಿತು, ಆಮೇಲೆ ರಕ್ತದ ಮಾದರಿಗಳ ವಂಶವಾಹಿ ಪರೀಕ್ಷೆ ಅದಕ್ಕೆ ಜೊತೆಯಾಯಿತು.

1991ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಫಲಿತಾಂಶ ಹೀಗಿತ್ತು: ಹಿಂಡಿನ ಹೆಣ್ಣುಗಳೆಲ್ಲ ಪರಸ್ಪರ ಹತ್ತಿರದ ರಕ್ತಸಂಬಂಧಿಗಳು, ಅವುಗಳೊಡನೆ ಕೂಡುವ ಗಂಡುಗಳು ಸಾಮಾನ್ಯವಾಗಿ ಅವುಗಳಿಗೆ ಸಂಬಂಧವಿಲ್ಲದವು, ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಗಂಡುಗಳಿರುವ ಕೂಟದಲ್ಲಿ ಎಲ್ಲರೂ ರಕ್ತಸಂಬಂಧಿಗಳು, ಎರಡು ಮೂರರ ಕೂಟದಲ್ಲಿ ಮಾತ್ರ ಹೊರಗಿನವನೊಬ್ಬ ಸೇರಿರುವುದುಂಟು. ಇದರ ಹಿಂದಿನ ಲೆಕ್ಕಾಚಾರ ಸ್ವಾರಸ್ಯಕರವಾಗಿದೆ. ದೊಡ್ಡ ಕೂಟದಲ್ಲಿ ಮರಿಗಳೆಲ್ಲ ಒಬ್ಬಿಬ್ಬರ ಪಾಲಾಗುತ್ತವೆ, ಉಳಿದವರು ಕಾವಲು ಕಾಯುವುದಕ್ಕಷ್ಟೇ ಇರುತ್ತಾರೆ. ಅಣ್ಣನ ಮಕ್ಕಳಿಗಾಗಿ ಕಾವಲು ನಿಂತರೆ ತನ್ನ ರಕ್ತವೂ ಅಷ್ಟಿಷ್ಟು ಮುಂದಕ್ಕೆ ಹೋಗುತ್ತದೆ. ಯಾರದೋ ಮಕ್ಕಳಿಗಾಗಿ ನಿಂತರೆ ಏನೂ ಹೋಗುವುದಿಲ್ಲ. ಒಂದೇ ಕಾಲಕ್ಕೆ ಹುಟ್ಟಿ, ಒಂದೇ ಗುಂಪಿನಲ್ಲಿ ಯಾರ ತಾಯಿ ಎಂದು ನೋಡದೆ ಹಾಲು ಕುಡಿದು ಬೆಳೆದ ಅಣ್ಣತಮ್ಮಂದಿರೂ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೂ ಒಟ್ಟಿಗೇ ಹಿಂಡು ಬಿಟ್ಟು ಹೊರಡುತ್ತವೆ, ಅವೇ ಮುಂದೆ ಕೂಟವಾಗುತ್ತವೆ. ದಾಯಾದಿ ಎಂಬ ಮಾತಿಗೆ ನಮ್ಮಲ್ಲಿ ಕೋರ್ಟಿನ ವಾಸನೆ ಅಂಟಿಕೊಂಡಿದೆ. ಗಂಡುಸಿಂಹಕ್ಕಾದರೋ ದಾಯಾದಿಗಳು ಹೆಚ್ಚಿದ್ದಷ್ಟೂ ಬಲ.

ಹಾಗಾದರೆ ಅಪ್ಪ ಮಗಳ ಕೂಡುವಿಕೆ ತಪ್ಪುವುದು ಹೇಗೆ? ಮುಖ್ಯವಾಗಿ ಕಾಲದ ಹೊಂದಾಣಿಕೆಯಿಂದ. ಗಂಡುಗಳ ಕೂಟವೊಂದು ಹಿಂಡನ್ನು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯವಾಗಿ ಎರಡು ಮೂರು ವರ್ಷ. ಹೆಣ್ಣುಮರಿ ಬೆಳೆದು ಮೊದಲ ಸಲ ತಾಯಾಗುವುದು ಮೂರೂವರೆ ನಾಲ್ಕು ವರ್ಷದ ಹೊತ್ತಿಗೆ. ಅಷ್ಟರಲ್ಲಿ ಅಪ್ಪ ಹೊಸಬರಿಂದ ಸೋತು ಹೋಗಿರುತ್ತಾನೆ, ಇಲ್ಲವೇ ಇನ್ನೊಂದು ಹಿಂಡಿಗೆ ಸರಿದಿರುತ್ತಾನೆ. ಗಂಡುಮರಿಗಳಂತೂ ಎರಡರಿಂದ ನಾಲ್ಕು ವರ್ಷದೊಳಗೆ ಹೊರಟೇ ಹೋಗುತ್ತವೆ, ಹೋಗದಿದ್ದರೆ ಓಡಿಸಲ್ಪಡುತ್ತವೆ; ಹೆಣ್ಣುಗಳಲ್ಲಿಯೂ ಸುಮಾರು ಮೂರನೇ ಒಂದು ಭಾಗ ಹುಟ್ಟಿದ ಹಿಂಡನ್ನು ಬಿಟ್ಟು, ಹೆಚ್ಚಾಗಿ ತಾಯಿಯ ನೆಲದ ಪಕ್ಕದಲ್ಲೇ ಹೊಸ ಹಿಂಡು ಕಟ್ಟುತ್ತವೆ. ಹೊಸ ಗಂಡುಗಳು ಬಂದಾಗ ಹಳೆಯವರ ಎಳೆಮರಿಗಳನ್ನು ಕೊಲ್ಲುತ್ತವೆ. ಮರಿ ಬದುಕಿದ್ದರೆ ತಾಯಿ ಮತ್ತೆ ಈಯಲು ಸುಮಾರು ಎರಡು ವರ್ಷ ಬೇಕು, ಸತ್ತರೆ ಬೇಗ ಬೆದೆಗೆ ಬರುತ್ತಾಳೆ. ಎರಡು ಮೂರು ವರ್ಷವಷ್ಟೇ ಕೈಯಲ್ಲಿರುವ ಗಂಡಿಗೆ ಈ ಅವಸರ. ಸೆರೆಂಗೆಟಿಯಲ್ಲಿ ಮೊದಲ ವರ್ಷದ ಮರಿಸಾವುಗಳಲ್ಲಿ ಸುಮಾರು ಕಾಲುಭಾಗ ಹೀಗೆ ಆದವು. ನೋಡಲು ಅಸಹ್ಯವಾದ ಈ ದೃಶ್ಯಕ್ಕೆ ನೀತಿಯ ಮಾತುಗಳನ್ನು ಜೋಡಿಸುವ ವಿಡಿಯೊಗಳೇ ಹೆಚ್ಚು, ಆದರೆ ಹಿಂಡಿನ ಗಂಡಾಳಿಕೆ ಇಷ್ಟು ಬೇಗ ಬೇಗ ಬದಲಾಗುವುದೇ ಅಪ್ಪ ಮಗಳನ್ನು ಬೇರ್ಪಡಿಸುವ ಏರ್ಪಾಡು ಎಂಬುದನ್ನು ಅವು ಹೇಳುವುದಿಲ್ಲ. ಚೀಟಿ ಇಟ್ಟುಕೊಂಡವರು ಯಾರೂ ಇಲ್ಲ. ಹೊರಗಿನಿಂದ ಬಲವಾದ ಗಂಡುಗಳು ಬರುತ್ತಿರುವವರೆಗೆ ಚೀಟಿಯ ಅಗತ್ಯವೂ ಬೀಳುವುದಿಲ್ಲ.

ಬರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸೆರೆಂಗೆಟಿಯ ಪಕ್ಕದಲ್ಲೇ ಉದಾಹರಣೆಯಿದೆ. ಗೊರೊಂಗೊರೊ ಎಂಬುದು ಕುಸಿದ ಜ್ವಾಲಾಮುಖಿಯ ಬಾಯಿ. ಸುಮಾರು 600 ಮೀಟರ್ ಎತ್ತರದ ಗೋಡೆಯ ನಡುವೆ ಸುಮಾರು 260 ಚದರ ಕಿಲೋಮೀಟರಿನ ಸಮತಟ್ಟು ಹುಲ್ಲುಗಾವಲು, ತುಂಬ ಬೇಟೆ. 1962ರಲ್ಲಿ ವಿಪರೀತ ಮಳೆಯ ಹಿಂದೆಯೇ ಕಚ್ಚುವ ನೊಣಗಳು ಅಲ್ಲಿ ಲೆಕ್ಕವಿಲ್ಲದಷ್ಟು ಹುಟ್ಟಿದವು. ನಮ್ಮ ದನಗಳ ಕಾಲಿಗೆ ಮುತ್ತುವ, ನೋಡಲು ಮನೆನೊಣದಂತೆಯೇ ಇದ್ದು ಸೂಜಿಯ ಹಾಗೆ ಚುಚ್ಚುವ ಜಾತಿಯವೇ ಅವು. ಸಿಂಹಗಳ ಮೈಯೆಲ್ಲ ಹುಣ್ಣಾಗಿ, ಕೆಲವು ಮರ ಹತ್ತಿ, ಕೆಲವು ಕತ್ತೆಕಿರುಬಗಳ ಬಿಲಕ್ಕೆ ನುಗ್ಗಿ ತಪ್ಪಿಸಿಕೊಳ್ಳಲು ನೋಡಿದವು; ಬೇಟೆಯಾಡಲಾಗದೆ ಸತ್ತವು. ಅರುವತ್ತು ಎಪ್ಪತ್ತಿದ್ದ ಸಂಖ್ಯೆ ಹತ್ತರ ಆಸುಪಾಸಿಗೆ ಇಳಿಯಿತು. ಮುಂದಿನ ಕೆಲವು ವರ್ಷಗಳಲ್ಲಿ ಹೊರಗಿನಿಂದ ಏಳು ಗಂಡುಗಳು ಇಳಿದು ಬಂದವು, 1975ರ ಹೊತ್ತಿಗೆ ಸಂಖ್ಯೆ ಮತ್ತೆ ತುಂಬಿತು. ಆ ಬಳಿಕದ ಸಿಂಹಗಳೆಲ್ಲ ಹದಿನೈದೇ ಪ್ರಾಣಿಗಳ ಸಂತತಿ ಎಂದು ಪ್ಯಾಕರ್ ತಂಡದ ವಂಶಾವಳಿ ತೋರಿಸಿತು.

ಇಲ್ಲಿ ಎಲ್ಲರೂ ಗೋಡೆಯನ್ನು ದೂರುತ್ತಾರೆ. ಆದರೆ ಏಳು ಗಂಡುಗಳು ಅದೇ ಗೋಡೆ ಇಳಿದು ಬಂದವಲ್ಲ! ಆಮೇಲೆ ಬಾಗಿಲು ಹಾಕಿದ್ದು ಒಳಗಿನ ಸಿಂಹಗಳೇ. ಬೇಟೆ ಸಮೃದ್ಧವಾಗಿದ್ದರಿಂದ ಮರಿಗಳು ಹೆಚ್ಚು ಬದುಕಿದವು, ಒಂದೇ ಕಾಲದಲ್ಲಿ ಹುಟ್ಟಿದ ಗಂಡುಗಳು ಹೆಚ್ಚಿದವು, ದಾಯಾದಿಗಳ ಕೂಟಗಳು ದೊಡ್ಡದಾದವು; ಸೆರೆಂಗೆಟಿಯ ಬಯಲಿನಿಂದ ಒಂಟಿಯಾಗಿಯೋ ಜೋಡಿಯಾಗಿಯೋ ಬಂದವನು ಅಂಥ ಐದಾರರ ಕೂಟದ ಮುಂದೆ ನಿಲ್ಲುವುದಾದರೂ ಹೇಗೆ? ತೆರೆದ ನೆಲದಲ್ಲಿ ಒಳಸಂತಾನವನ್ನು ತಪ್ಪಿಸುತ್ತಿದ್ದ ಅದೇ ಕುಟುಂಬ ಪದ್ಧತಿ ಮುಚ್ಚಿದ ನೆಲದಲ್ಲಿ ಅದನ್ನು ಬೆಳೆಸಿತು. ನಾನು ಓದಿದ ಸಿಂಹ ಸಂಶೋಧನೆಗಳಲ್ಲೆಲ್ಲ ಅತ್ಯಂತ ಯೋಚನೆಗೆ ಹಚ್ಚಿದ ಸಂಗತಿ ಇದು.

ನಷ್ಟ ಏನು ಎಂಬುದನ್ನು ಅಂಕಿಯಲ್ಲಿ ಹೇಳಬಹುದು. ಪ್ರತಿ ಪ್ರಾಣಿಯಲ್ಲೂ ಒಂದೊಂದು ವಂಶವಾಹಿಗೆ ಎರಡು ಪ್ರತಿಗಳು, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ತಂದೆತಾಯಿ ನೆಂಟರಾಗಿದ್ದರೆ ಇಬ್ಬರಿಂದಲೂ ಒಂದೇ ಪೂರ್ವಜನ ಪ್ರತಿ ಬಂದು ಸೇರುವ ಸಂಭವವಿದೆ. ಅಪ್ಪ ಮಗಳ ಅಥವಾ ಒಡಹುಟ್ಟಿದವರ ಸಂತಾನದಲ್ಲಿ ಈ ಸಂಭವ ನಾಲ್ಕರಲ್ಲೊಂದು, ಸೋದರಮಾವ ಅಕ್ಕನ ಮಗಳದರಲ್ಲಿ ಎಂಟರಲ್ಲೊಂದು, ಅತ್ತೆಯ ಮಗ ಮಾವನ ಮಗಳದರಲ್ಲಿ ಹದಿನಾರರಲ್ಲೊಂದು. ಸೋದರಿಕೆಯ ಮದುವೆ ರೂಢಿಯಲ್ಲಿದ್ದ ಕನ್ನಡ ನಾಡಿಗೆ ಈ ಲೆಕ್ಕ ಹೊಸದಲ್ಲ. ಸಿಂಹದ ಹಿಂಡಿನಲ್ಲಿ ಇನ್ನೊಂದು ತೊಡಕಿದೆ: ಅಕ್ಕತಂಗಿಯರಿಗೆ ಅಣ್ಣತಮ್ಮಂದಿರಿಂದ ಹುಟ್ಟಿದ ಮರಿಗಳು ಎರಡೂ ಕಡೆಯಿಂದ ನೆಂಟರು, ಹಾಗಾಗಿ ಬೇರೆ ಬೇರೆ ತಾಯಿತಂದೆಯರ ಮಕ್ಕಳಾದರೂ ರಕ್ತದ ಲೆಕ್ಕದಲ್ಲಿ ಮಲಸೋದರರಷ್ಟು ಹತ್ತಿರ. ದೊಡ್ಡಮ್ಮನ ಮಗನನ್ನೂ ದೊಡ್ಡಪ್ಪನ ಮಗನನ್ನೂ ಅಣ್ಣ ಎಂದೇ ಕರೆಯುವ ಕನ್ನಡ, ಸಿಂಹಗಳ ಮಟ್ಟಿಗೆ ಬಹಳ ಸರಿ.

1987ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ವಿಕಾರ ರೂಪದ ವೀರ್ಯಾಣುಗಳ ಪ್ರಮಾಣ ಸೆರೆಂಗೆಟಿಯ ಗಂಡುಗಳಲ್ಲಿ ಸುಮಾರು ಕಾಲುಭಾಗ, ಗೊರೊಂಗೊರೊದಲ್ಲಿ ಸುಮಾರು ಅರ್ಧ, ಗುಜರಾತಿನ ಗಿರ್ ಕಾಡಿನ ಮೂಲದ ಸಿಂಹಗಳಲ್ಲಿ ಸುಮಾರು ಮೂರನೇ ಎರಡು ಭಾಗ ಇತ್ತು. ದಕ್ಷಿಣ ಆಫ್ರಿಕಾದ ಬೇಲಿಯೊಳಗಿನ ಶ್ಲುಶ್ಲುವೆ ಇಂಫೊಲೋಜಿ ಉದ್ಯಾನದಲ್ಲಿ, 1960ರ ದಶಕದಲ್ಲಿ ಕೆಲವೇ ಸಿಂಹಗಳಿಂದ ಆರಂಭವಾದ ಸಂತತಿ ಮೊದಲು ಬೆಳೆದು ಆಮೇಲೆ ಕ್ಷೀಣಿಸಿದಾಗ, 1999ರಿಂದ 2001ರ ನಡುವೆ ಹೊರಗಿನ ಹದಿನಾರು ಸಿಂಹಗಳನ್ನು ತಂದು ಬಿಡಬೇಕಾಯಿತು.

ಈಗ ಗಿರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜುನಾಗಢದ ನವಾಬರ ರಕ್ಷಣೆಯಲ್ಲಿ ಉಳಿದಿದ್ದ ಸಿಂಹಗಳು ಇಪ್ಪತ್ತೇ ಎಂಬ ಮಾತು ಪ್ರಚಲಿತ. ಬೇಟೆಗೆಂದು ಬರುವ ದೊಡ್ಡವರನ್ನು ತಡೆಯಲು ಸಂಖ್ಯೆಯನ್ನು ಬೇಕೆಂದೇ ಕಡಿಮೆ ಹೇಳಿರಬಹುದು ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಈಗಿನ 891ರ ಮೂಲ ಆ ಸಣ್ಣ ಗುಂಪೇ. ಪ್ರಾಚೀನ ಮತ್ತು ಈಗಿನ ಸಿಂಹಗಳ ಪೂರ್ಣ ವಂಶವಾಹಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ, ಭಾರತದ ಸಿಂಹಗಳಲ್ಲಿ ವೈವಿಧ್ಯ ಬಹುತೇಕ ಅಳಿಸಿಹೋಗಿದೆ ಎಂದಿತು. ಸಂಖ್ಯೆ ಮಾತ್ರ 1968ರ 177ರಿಂದ ಏರುತ್ತಲೇ ಬಂದಿದೆ. ಇವೆರಡೂ ಒಟ್ಟಿಗೆ ನಿಜ. ಒಳಸಂತಾನ ಎಂದಾಕ್ಷಣ ಸಂತತಿ ನಾಳೆಯೇ ಅಳಿಯುತ್ತದೆ ಎನ್ನುವವರಿಗೆ ಗಿರ್ ಸರಿಯಾದ ಉತ್ತರ. ಅಲ್ಲಿನ ಹೆಣ್ಣುಗಳ ನಡವಳಿಕೆಯೂ ಆಫ್ರಿಕಾದವುಗಳಂತಿಲ್ಲ: ಗಂಡುಗಳೂ ಹೆಣ್ಣುಗಳೂ ಹೆಚ್ಚಾಗಿ ಬೇರೆಬೇರೆ ಇರುತ್ತವೆ, ಒಂದು ಹೆಣ್ಣುಗುಂಪಿನ ನೆಲದಲ್ಲಿ ಹಲವು ಗಂಡುಕೂಟಗಳು ಓಡಾಡುತ್ತವೆ, ಹೆಣ್ಣು ಒಂದಕ್ಕಿಂತ ಹೆಚ್ಚು ಕೂಟದ ಗಂಡುಗಳೊಡನೆ ಕೂಡುತ್ತಾಳೆ. ಮರಿ ಯಾರದೆಂದು ಯಾವ ಗಂಡಿಗೂ ಖಚಿತವಿಲ್ಲದ ಕಾರಣ ಮರಿಹತ್ಯೆ ಕಡಿಮೆ. ಜಾಣ ಏರ್ಪಾಡು. ಆದರೆ ಕೂಡುವ ಗಂಡುಗಳೆಲ್ಲ ಒಂದೇ ಹಳೆಯ ಮನೆಯವರಾದರೆ ಈ ಜಾಣತನ ಹೊಸ ರಕ್ತವನ್ನು ಎಲ್ಲಿಂದಲೂ ತರಲಾರದು.

ಅಪಾಯ ನಿಜವಾಗಿ ಕಾದಿರುವುದು ಸಾಂಕ್ರಾಮಿಕದಲ್ಲಿ. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೊಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ತಲೆಮಾರುಗಟ್ಟಲೆ ಒಳಸಂತಾನದಲ್ಲೇ ಸುಖವಾಗಿರುತ್ತದೆ, ಎಲೆತುಕ್ಕು ಬರುವವರೆಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ತುಕ್ಕು ಬಂದಾಗ ತೋಟಕ್ಕೆ ತೋಟವೇ ಎಲೆ ಉದುರಿಸಿ ನಿಂತಿತು, ಏಕೆಂದರೆ ಒಂದು ಗಿಡ ಸೋತಲ್ಲಿ ಅದರಂತೆಯೇ ಇದ್ದ ಎಲ್ಲವೂ ಸೋತವು. ಮುಂದೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ತಳಿಗೆ ತಾಳಿಕೆ ಕೊಟ್ಟದ್ದು ಲೈಬೀರಿಕಾ ಎಂಬ ಹೊರಗಿನ ಜಾತಿಯ ರಕ್ತ. ಸಿಂಹಗಳಿಗೆ ಬಂದರೆ, 2018ರ ಸೆಪ್ಟೆಂಬರಿನಲ್ಲಿ ಗಿರ್ ಪೂರ್ವದ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ನಾಯಿಗಳಿಂದ ಹರಡುವ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಅದೇ ವೈರಸ್ 1994ರಲ್ಲಿ ಸೆರೆಂಗೆಟಿಯ ಸುಮಾರು ಮೂರನೇ ಒಂದು ಭಾಗ ಸಿಂಹಗಳನ್ನು ಕೊಂದಿತ್ತು, ಆದರೆ ಅಲ್ಲಿ ಸುತ್ತಲೂ ಸಿಂಹಗಳಿರುವ ವಿಶಾಲ ನೆಲವಿತ್ತು, ಕೆಲವೇ ವರ್ಷಗಳಲ್ಲಿ ಸಂಖ್ಯೆ ತುಂಬಿತು.

ಎಲ್ಲ ಮೊಟ್ಟೆಗಳೂ ಒಂದೇ ಬುಟ್ಟಿಯಲ್ಲಿ ಬೇಡವೆಂದು 1957ರಲ್ಲಿಯೇ ಉತ್ತರ ಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಮೂರು ಸಿಂಹಗಳನ್ನು ಒಯ್ದಿದ್ದರು. ಹನ್ನೊಂದಾಗಿ ಆಮೇಲೆ ಅವು ಕಾಣೆಯಾದವು. ಮಧ್ಯಪ್ರದೇಶದ ಕುನೊ ಕಾಡಿನಿಂದ 24 ಹಳ್ಳಿಗಳನ್ನು ಎಬ್ಬಿಸಿದ್ದು ಸಿಂಹಗಳಿಗೆ ಜಾಗ ಮಾಡಲು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳೊಳಗೆ ಸ್ಥಳಾಂತರಿಸಿ ಎಂದು ಹೇಳಿತು. ಸಿಂಹ ಬರಲಿಲ್ಲ, 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಚೀತಾಗಳು ಬಂದವು. ಗುಜರಾತು ತನ್ನ ಗಡಿಯೊಳಗಿನ ಬರ್ಡಾ ಅಭಯಾರಣ್ಯವನ್ನು ಎರಡನೆಯ ಮನೆ ಎಂದು ತೋರಿಸುತ್ತದೆ. 2023ರಲ್ಲಿ ಗಂಡುಸಿಂಹವೊಂದು ತಾನಾಗಿಯೇ ಅಲ್ಲಿಗೆ ನಡೆದು ಹೋಯಿತು, 2025ರ ಗಣತಿಯಲ್ಲಿ ಅಲ್ಲಿ 17 ಸಿಂಹಗಳಿದ್ದವು. ತಾನಾಗಿ ನಡೆದು ಹೋದದ್ದು ಎಂಬ ಕಾರಣಕ್ಕೆ ನನಗೆ ಬರ್ಡಾ ಮೆಚ್ಚುಗೆಯೇ, ಆದರೆ ಸೌರಾಷ್ಟ್ರದೊಳಗಿನ ಒಂದು ರೋಗ ಅಲ್ಲಿಗೂ ಸುಲಭವಾಗಿ ತಲುಪಬಲ್ಲದು. ಜೊತೆಗೆ ಒಂದು ಮಾತನ್ನು ಕುನೊ ಪರ ವಾದಿಸುವವರೂ ಒಪ್ಪಬೇಕು: ಕುನೊಗೆ ಹೋದರೂ ಬರ್ಡಾಕ್ಕೆ ಹೋದರೂ ರಕ್ತ ಗಿರ್‌ನದೇ. ಎರಡನೆಯ ಮನೆ ರೋಗದಿಂದ ಕಾಪಾಡೀತು, ನೆಂಟಸ್ತನವನ್ನು ಸಡಿಲಿಸಲಾರದು. 2017ರ ವರ್ಗೀಕರಣ ಏಷ್ಯಾದ ಸಿಂಹವನ್ನೂ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಿಂಹಗಳನ್ನೂ ಒಂದೇ ಉಪಜಾತಿಯಲ್ಲಿ ಇರಿಸಿದೆ, ಅಂದರೆ ದೂರದ ನೆಂಟರು ಎಲ್ಲೋ ಇದ್ದಾರೆ. ಆದರೆ ಸಂಖ್ಯೆ ಏರುತ್ತಿರುವಾಗ ಆ ಸಂಬಂಧ ಬೆಳೆಸುವ ಅವಸರ ಬೇಡ ಎಂದೇ ನನ್ನ ಅನಿಸಿಕೆ.

ಹುಲಿಯ ವಿಷಯದಲ್ಲಿ ಈ ಲೆಕ್ಕ ಮನೆಯಂಗಳಕ್ಕೆ ಬರುತ್ತದೆ. ಕೊಡವತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನರಿ ಎಂದರೆ ಹುಲಿ. ಹುಲಿ ಕೊಂದವನಿಗೆ ಹಿಂದೆ ನರಿಮಂಗಲ ಎಂಬ ಸನ್ಮಾನದ ವಿಧಿ ಮಾಡುತ್ತಿದ್ದರು ಎಂದರೆ ಹೊರಗಿನ ಕನ್ನಡಿಗರು ಈಗಲೂ ನಗುತ್ತಾರೆ. ಹುಲಿ ಹಿಂಡಿನ ಪ್ರಾಣಿಯಲ್ಲ, ಆದರೆ ಹೆಣ್ಣುಮರಿ ತಾಯಿಯ ಹತ್ತಿರ ನೆಲ ಹಿಡಿಯುವುದು, ಗಂಡುಮರಿ ದೂರ ಹೋಗುವುದು ಇಲ್ಲಿಯೂ ಉಂಟು. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಒಂದಕ್ಕೊಂದು ಕೂಡಿ ಮೈ ಕಪ್ಪಾಗಿರುವ ಹುಲಿಗಳು ಹೆಚ್ಚಲು ಆ ಕಾಡು ಒಂಟಿಯಾಗಿ ಉಳಿದದ್ದೇ ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು. 2024ರಲ್ಲಿ ಮಹಾರಾಷ್ಟ್ರದ ತಡೋಬಾದಿಂದ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ಸಾಗಿಸಬೇಕಾಯಿತು. ಅವುಗಳಲ್ಲೊಂದು ಕಾಡು ಬಿಟ್ಟು ಜಾರ್ಖಂಡ್, ಪಶ್ಚಿಮ ಬಂಗಾಳದವರೆಗೆ ಅಲೆದು, ಹಿಡಿದು ತಂದ ಮೇಲೆ ಮರಳಿತು. ನಾಗರಹೊಳೆಗೆ ಅಂಥ ಗತಿ ಬಂದಿಲ್ಲ. ಬಂಡೀಪುರ, ವಯನಾಡು, ಮುದುಮಲೈಗಳೊಂದಿಗೆ ಅದು ಇನ್ನೂ ಕೂಡಿಕೊಂಡಿದೆ. ಒಂದೊಂದು ತಲೆಮಾರಿಗೆ ಹೊರಗಿನ ಒಂದೆರಡು ಪ್ರಾಣಿ ಬಂದು ಸಂತಾನ ಪಡೆದರೂ ರಕ್ತ ಹಳಸುವುದಿಲ್ಲ ಎಂಬುದು ವಂಶವಾಹಿ ತಜ್ಞರ ಹಳೆಯ ಲೆಕ್ಕ.

ಆ ಒಂದೆರಡು ಪ್ರಾಣಿ ನಡೆಯುವ ದಾರಿಯಲ್ಲಿ ಕುಟ್ಟ, ಶ್ರೀಮಂಗಲ, ಬಾಳೆಲೆ ಕಡೆಯ ತೋಟಗಳಿವೆ. ರೊಬಸ್ಟಾದ ಸಾಲುಗಳ ನಡುವೆ ಮಳೆ ನಿಂತ ಮರುದಿನ ಕಪ್ಪು ಚರಂಡಿ ಮಣ್ಣಿನಲ್ಲಿ ಅಂಗೈಯಗಲದ ಹೆಜ್ಜೆ ಮೂಡಿದೆ ಎಂದರೆ ಅದು ಬಹುತೇಕ ನೆಲವಿಲ್ಲದ ಎಳೆಯ ಗಂಡಿನದಿರಬಹುದು, ಇಲ್ಲವೇ ನೆಲ ಕಳೆದುಕೊಂಡ ಮುದಿಯದು. ಎರಡೂ ಹಸು ಹಿಡಿಯುತ್ತವೆ, ಕಾರ್ಮಿಕರು ತೋಟಕ್ಕೆ ಇಳಿಯಲು ಹೆದರುತ್ತಾರೆ, ಅದು ನ್ಯಾಯವಾದ ಹೆದರಿಕೆ. ಕೊಟ್ಟಿಗೆಯ ಹಸು ಕಳೆದುಕೊಂಡವರ ಮುಂದೆ ವಂಶವಾಹಿಯ ಮಾತಾಡಲು ನನಗೂ ಬಾಯಿ ಬರುವುದಿಲ್ಲ. ಆದರೂ ಆನೆಗಳನ್ನು ತಂದು ಕೂಂಬಿಂಗ್ ಮಾಡಿ ಅರಿವಳಿಕೆ ಕೊಟ್ಟು ಹಿಡಿದ ಮೇಲೆ, ಮುದಿ ಹುಲಿಗೂ ಎಳೆಯ ಗಂಡಿಗೂ ಒಂದೇ ತೀರ್ಮಾನ ಸಲ್ಲದು. ಮೊದಲನೆಯದರ ಸಂತಾನದ ಕಾಲ ಮುಗಿದಿದೆ. ಎರಡನೆಯದು ಯಾವ ಕಾಡಿನದೆಂದು ಕ್ಯಾಮೆರಾ ಟ್ರ್ಯಾಪಿನ ಪಟ್ಟೆಚಿತ್ರಗಳನ್ನು ಹೋಲಿಸಿ ತಿಳಿಯಬಹುದು. ಹುಟ್ಟಿದ ಕಾಡು ಬಿಟ್ಟು ಇನ್ನೊಂದಕ್ಕೆ ಹೊರಟವನಾದರೆ, ಮೈಸೂರಿನ ಬಳಿಯ ಪುನರ್ವಸತಿ ಕೇಂದ್ರದ ಕಬ್ಬಿಣದ ಬಾಗಿಲು ಹಾಕಿದ ದಿನವೇ ಅವನು ಆ ಎರಡೂ ಕಾಡುಗಳ ಪಾಲಿಗೆ ಸತ್ತಂತೆ, ಹೊತ್ತು ಹೊತ್ತಿಗೆ ಮಾಂಸ ತಿಂದುಕೊಂಡು ಇನ್ನು ಹತ್ತು ವರ್ಷ ಬದುಕಿದರೂ.